ಸಿಕ್ಕ ಪುಟ್ಟ ನಾಯಿಗೆ ಮನೆ ಹುಡುಕುವುದು: ಕಸ ಗುಡಿಸುವವರನ್ನು ಮೊದಲು ಕೇಳಿ

ಬೀದಿಯಲ್ಲೇ ಹುಟ್ಟಿ ಬೆಳೆದ ನಾಯಿಗೆ ಬೀದಿಯ ಲೆಕ್ಕ ಗೊತ್ತಿರುತ್ತದೆ. ಯಾವ ಅಂಗಡಿ ಮುಂದೆ ಬೆಳಗ್ಗೆ ಬಿಸ್ಕತ್ತು ಸಿಗುತ್ತದೆ, ಯಾವ ಓಣಿಗೆ ಕಾಲಿಟ್ಟರೆ ಬೇರೆ ನಾಯಿಗಳು ಮೈಮೇಲೆ ಬರುತ್ತವೆ, ಲಾರಿ ಬಂದರೆ ಎತ್ತ ಸರಿಯಬೇಕು, ಎಲ್ಲವೂ ಗೊತ್ತು. ಮನೆಯಲ್ಲಿ ಬೆಳೆದ ಪಮೇರಿಯನ್‌ಗೋ, ಪಗ್‌ಗೋ, ಮೊಣಕಾಲೆತ್ತರದ ಮಿಶ್ರ ತಳಿಗೋ ಇದು ಯಾವುದೂ ಗೊತ್ತಿರುವುದಿಲ್ಲ. ಅಂಥದ್ದೊಂದು ಕೊರಳಲ್ಲಿ ಸವೆದ ಬೆಲ್ಟ್ ಹೊತ್ತು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅಡ್ಡಾಡುತ್ತಿದ್ದರೆ, ಯಾರೂ ಎತ್ತಿಕೊಳ್ಳದೆ ಇದ್ದರೆ, ಅದು ಜಾಸ್ತಿ ದಿನ ಉಳಿಯುವುದಿಲ್ಲ.

ಈ ಲೇಖನ ಅಂಥ ನಾಯಿಯನ್ನು ಎತ್ತಿಕೊಂಡು ಮನೆಗೆ ಬಂದವರಿಗೆ. ನಿಮಗೆ ಸಾಕಲು ಆಗುವುದಿಲ್ಲ, ಹಾಗಂತ ಬಿಡಲೂ ಮನಸ್ಸಿಲ್ಲ. ಯಾರಾದರೂ ಒಳ್ಳೆಯವರು ಸಿಕ್ಕರೆ ಕೊಟ್ಟುಬಿಡೋಣ ಅಂತ ಯೋಚಿಸುತ್ತಿದ್ದೀರಿ, ಅಲ್ವಾ? ಕೇಳುವವರು ಬೇಗ ಸಿಗುತ್ತಾರೆ. ಸಣ್ಣ ನಾಯಿ, ಅದೂ ಬಿಳಿ ಕೂದಲಿನದ್ದಾದರೆ ಸಂಜೆಯೊಳಗೆ ಹತ್ತು ಜನ ಫೋನ್ ಮಾಡುತ್ತಾರೆ. ಆ ಹತ್ತರಲ್ಲಿ ಒಂದು ಮನೆ ಆರಿಸುವುದೇ ಕಷ್ಟದ ಕೆಲಸ. ನಾಯಿ ಬೇಕು ಅಂತ ಆಸೆಪಡುವವರು ಒಬ್ಬರು, ಅದರ ಕೆಲಸ ಮಾಡುವವರು ಇನ್ನೊಬ್ಬರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಆ ಇನ್ನೊಬ್ಬರು ಒಪ್ಪದ ಮನೆಗೆ ಕೊಟ್ಟ ನಾಯಿ ಮತ್ತೆ ಬೀದಿಗೇ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ನಾಯಿಗೂ ಮನೆ ಬೇಕಾಗಿಲ್ಲ. ನಿಮ್ಮ ಓಣಿಯಲ್ಲೇ ಹುಟ್ಟಿದ ಮರಿ, ಪಕ್ಕದಲ್ಲೇ ತಾಯಿ ಇದೆ, ನಾಲ್ಕು ಮನೆಯವರು ಅನ್ನ ಹಾಕುತ್ತಾರೆ ಅಂದರೆ ಅದನ್ನು ಕಿತ್ತುಕೊಂಡು ಬರಬೇಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರವೂ ಬೀದಿ ನಾಯಿಗೆ ಆಪರೇಷನ್ ಮಾಡಿಸಿ, ರೇಬೀಸ್ ಇಂಜೆಕ್ಷನ್ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಬೀದಿ ನಾಯಿಯನ್ನೇ ಮನೆಗೆ ತಂದು ಸಾಕುವ ಆಸೆ ಇದ್ದವರಿಗೂ ದಾರಿ ಇದೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಅಂಥವರು ನಗರಸಭೆ, ಪಾಲಿಕೆಗಳಿಗೆ ಅರ್ಜಿ ಕೊಟ್ಟು ದತ್ತು ಪಡೆಯಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದ್ದೇ ಎಂದು ಹೇಳಿದೆ.

ಮೊದಲು ಹಳೇ ಮನೆ ಹುಡುಕಿ

ತಳಿ ನಾಯಿ ರಸ್ತೆಯಲ್ಲಿ ಸಿಕ್ಕರೆ ‘ಯಾರೋ ಬಿಟ್ಟು ಹೋಗಿದ್ದಾರೆ’ ಎಂದು ತೀರ್ಮಾನ ಮಾಡಿಬಿಡುತ್ತೇವೆ. ಇರಬಹುದು. ಆದರೆ ಗೇಟು ತೆರೆದಿದ್ದಾಗ ಓಡಿ ಬಂದಿರಲೂಬಹುದು. ದೀಪಾವಳಿಯ ಪಟಾಕಿಗೆ, ಜಾತ್ರೆಯ ಸದ್ದಿಗೆ ಹೆದರಿ ಎರಡು ಮೂರು ಬಡಾವಣೆ ದಾಟಿ ಬರುವ ನಾಯಿಗಳು ಇವೆ. ನಿಟ್ಟುವಳ್ಳಿಯಲ್ಲಿ ಸಿಕ್ಕ ನಾಯಿಯ ಮನೆ ವಿದ್ಯಾನಗರದಲ್ಲಿ ಇದ್ದರೆ ಆಶ್ಚರ್ಯವೇನಲ್ಲ.

ಹಾಗಾಗಿ ಸಿಕ್ಕ ಜಾಗದ ಸುತ್ತ ವಿಚಾರಿಸಿ. ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು, ಹಾಲು ಹಾಕುವವರು, ಪೇಪರ್ ಹುಡುಗರು, ಮೂಲೆಯ ಚಹಾ ಅಂಗಡಿಯವರು, ಇವರಿಗೆ ಯಾವ ಮನೆಯಲ್ಲಿ ಯಾವ ನಾಯಿ ಇದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹತ್ತಿರದ ಪೆಟ್ ಶಾಪ್‌ನಲ್ಲಿ, ಪ್ರಾಣಿಗಳ ಕ್ಲಿನಿಕ್‌ನಲ್ಲಿ ಫೋಟೊ ತೋರಿಸಿ. ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿ. ‘ಜನತಾವಾಣಿ’ಯಂಥ ಊರಿನ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಕೊಟ್ಟರೆ ವಾಟ್ಸಾಪ್ ನೋಡದ ಹಿರಿಯರಿಗೂ ತಲುಪುತ್ತದೆ. ಕ್ಲಿನಿಕ್‌ನಲ್ಲಿ ಸ್ಕ್ಯಾನರ್ ಇದ್ದರೆ ಮೈಕ್ರೋಚಿಪ್ ಇದೆಯಾ ನೋಡಿಸಿ. ಚರ್ಮದ ಅಡಿಯಲ್ಲಿರುವ ಅಕ್ಕಿಕಾಳಿನಷ್ಟು ಚಿಪ್‌ನಲ್ಲಿ 15 ಅಂಕಿಯ ನಂಬರ್ ಇರುತ್ತದೆ, ನೋಂದಣಿ ಆಗಿದ್ದರೆ ಅದರಿಂದ ಮಾಲೀಕರನ್ನು ಹುಡುಕಬಹುದು.

ಫೋಟೊ ಹಾಕುವಾಗ ಎಲ್ಲವನ್ನೂ ತೋರಿಸಬೇಡಿ. ಕಿವಿಯ ಹಿಂದಿನ ಮಚ್ಚೆ, ಹೊಟ್ಟೆಯ ಹಳೇ ಗಾಯದ ಗುರುತು, ಬೆಲ್ಟಿನ ಬಣ್ಣ, ಇಂಥ ಒಂದು ಗುರುತನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ‘ನಮ್ದೇ ನಾಯಿ ರೀ’ ಅಂತ ಬಂದವರನ್ನು ಆ ಗುರುತು ಕೇಳಿ. ಹಳೇ ಫೋಟೊ ಕೇಳಿ. ಇಂಜೆಕ್ಷನ್ ಕಾರ್ಡ್ ಕೇಳಿ. ನಿಜವಾದ ಮಾಲೀಕರು ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಮೊಬೈಲ್ ತುಂಬ ಅದರ ಫೋಟೊಗಳೇ ಇರುತ್ತವೆ. ಅವರ ದನಿ ಕೇಳಿದರೆ ನಾಯಿ ಏನು ಮಾಡುತ್ತದೆ ಅಂತಲೂ ಗಮನಿಸಿ.

ಒಂದೆರಡು ವಾರ ಹುಡುಕಿದರೂ ಯಾರೂ ಬರಲಿಲ್ಲ ಅಂದರೆ ಬಿಟ್ಟು ಹೋದದ್ದೇ ಇರಬೇಕು. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಈಗಿನ ಕಾಲಕ್ಕೆ ಒಂದು ಪ್ಲೇಟ್ ಬೆಣ್ಣೆ ದೋಸೆಯ ದುಡ್ಡು ಅಷ್ಟೇ. ಬಿಟ್ಟು ಹೋಗುವವರು ಹೆದರದೆ ಇರುವುದರಲ್ಲಿ ಅಚ್ಚರಿ ಏನಿದೆ?

ದನದ ದವಾಖಾನೆಗೆ ಒಂದು ಸಲ

ಹಳೇ ಮನೆ ಹುಡುಕುತ್ತಿರುವಾಗಲೇ ಡಾಕ್ಟರಿಗೆ ತೋರಿಸಿಬಿಡಿ. ಊರಿನ ಸರ್ಕಾರಿ ಪಶು ಆಸ್ಪತ್ರೆಯನ್ನು ನಾವು ದನದ ದವಾಖಾನೆ ಅಂತೀವಿ, ಆದರೆ ಅಲ್ಲಿ ನಾಯಿ ಬೆಕ್ಕುಗಳನ್ನೂ ನೋಡುತ್ತಾರೆ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಪುಟ್ಟ ನಾಯಿಯನ್ನು ಚೈನ್ ಹಿಡಿದು ನಡೆಸಬೇಡಿ. ಎಮ್ಮೆ, ಆಕಳುಗಳ ನಡುವೆ ಅದು ಹೆದರಿ ಕೊರಳು ಜಾರಿಸಿಕೊಂಡು ಓಡಿಬಿಡುತ್ತದೆ. ಗಾಳಿ ಆಡುವ ಬುಟ್ಟಿಯೋ, ತೂತು ಮಾಡಿದ ರಟ್ಟಿನ ಡಬ್ಬವೋ ಸಾಕು.

ಡಾಕ್ಟರ್ ಹತ್ತಿರ ಇಷ್ಟು ಕೇಳಿ. ವಯಸ್ಸು ಎಷ್ಟಿರಬಹುದು? (ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದರಿಂದ ಮರಿಗಳಲ್ಲಿ ಅಂದಾಜು ಸುಲಭ. ದೊಡ್ಡವುಗಳಲ್ಲಿ ಹಲ್ಲಿನ ಸವೆತ, ಕಲೆ ನೋಡಿ ಹೇಳುತ್ತಾರೆ.) ತೂಕ ಎಷ್ಟು? ಹೆಣ್ಣಾದರೆ ಬಸುರಿಯಾ? ನಾಯಿಗೆ ಗಬ್ಬದ ಅವಧಿ ಸುಮಾರು 63 ದಿನ ಮಾತ್ರ. ಒಂದು ನಾಯಿ ಅಂತ ತಂದವರು ಎರಡೇ ತಿಂಗಳಲ್ಲಿ ಆರು ನಾಯಿಗೆ ಮನೆ ಹುಡುಕುವ ಹಾಗಾಗಬಾರದು.

ಇಂಜೆಕ್ಷನ್ ಕಾರ್ಡ್ ಇಲ್ಲದ ನಾಯಿಗೆ ಏನೂ ಹಾಕಿಲ್ಲ ಎಂದೇ ಹಿಡಿಯಬೇಕು. ಡಿಸ್ಟೆಂಪರ್, ಪಾರ್ವೋ ಮುಂತಾದ ನಾಯಿಗಳ ವೈರಸ್ ರೋಗಗಳಿಗೆ ಸೇರಿಸಿ ಕೊಡುವ ಇಂಜೆಕ್ಷನ್ ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳಾಗುವವರೆಗೂ ನಡೆಯುತ್ತದೆ. ರೇಬೀಸ್ ಇಂಜೆಕ್ಷನ್ ಮೂರು ತಿಂಗಳು ತುಂಬಿದ ಮೇಲೆ. ಜಂತುಹುಳದ ಔಷಧಿ ತೂಕ ನೋಡಿಯೇ ಕೊಡಬೇಕು. ನಮ್ಮ ಕಡೆಯ ದೊಡ್ಡ ಕಾಟ ಉಣ್ಣೆ. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಒಸಡು ಬೆಳ್ಳಗಾಗುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಮನೆಯಲ್ಲಿ ದನಕ್ಕೆ ತಂದಿಟ್ಟ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ಹಚ್ಚಬೇಡಿ. ನಾಲ್ಕು ಕಿಲೋ ನಾಯಿ ತನ್ನ ಮೈ ತಾನೇ ನೆಕ್ಕಿಕೊಂಡು ಸಾಯಬಹುದು. ನಮ್ಮ ನೋವಿನ ಮಾತ್ರೆಗಳನ್ನೂ ಕೊಡಬೇಡಿ.

ಎತ್ತಿಕೊಳ್ಳುವಾಗ ಅದು ಕಚ್ಚಿದ್ದರೆ, ಪರಚಿದ್ದರೆ ‘ಸಣ್ಣ ನಾಯಿ, ಏನಾಗುತ್ತೆ’ ಅನ್ನಬೇಡಿ. ಗಾಯವನ್ನು ಸೋಪು ಹಚ್ಚಿ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗದ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ಆ ಹತ್ತು ದಿನ ಯಾರಿಗೂ ಕೊಡಬೇಡಿ.

ಆಪರೇಷನ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ವಯಸ್ಸು, ಆರೋಗ್ಯ ಸರಿ ಇದ್ದರೆ ಮಕ್ಕಳಾಗದ ಆಪರೇಷನ್ ಮಾಡಿಸಿಯೇ ಕೊಡಿ. ‘ನೀವು ಮಾಡಿಸ್ಕೊಳ್ಳಿ’ ಅಂತ ಕೊಟ್ಟರೆ ಅವರು ಮುಂದೂಡುತ್ತಲೇ ಇರುತ್ತಾರೆ. ಇನ್ನೊಂದು ಲಾಭವೂ ಇದೆ. ತಳಿ ನಾಯಿ ಪುಕ್ಕಟೆ ಸಿಕ್ಕರೆ ಮರಿ ಹಾಕಿಸಿ ಮಾರುವ ಲೆಕ್ಕ ಹಾಕುವವರಿದ್ದಾರೆ. ಆಪರೇಷನ್ ಆಗಿದೆ ಅಂದ ಕೂಡಲೇ ಅವರ ಫೋನ್ ತಾನಾಗೇ ನಿಂತುಹೋಗುತ್ತದೆ.

ಮನೆಯಲ್ಲಿ ಇಟ್ಟುಕೊಂಡು ಗುಣ ತಿಳಿಯಿರಿ

ನಿಮ್ಮ ಮನೆಯಲ್ಲಿ ಮೊದಲೇ ನಾಯಿ ಇದ್ದರೆ ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ಪಾರ್ವೋ, ಡಿಸ್ಟೆಂಪರ್ ಮೈಯಲ್ಲಿ ಸೇರಿದ್ದರೂ ಹೊರಗೆ ಕಾಣಲು ದಿನ ಹಿಡಿಯುತ್ತದೆ. ತಟ್ಟೆ, ಬಟ್ಟೆ ಬೇರೆ ಇರಲಿ.

ಈ ಎರಡು ವಾರ ಸುಮ್ನೆ ಕಾಯುವ ಕಾಲ ಅಲ್ಲ. ಒಂದು ಹಾಳೆಯಲ್ಲಿ ಬರೆದಿಡುತ್ತಾ ಹೋಗಿ. ಒಂಟಿ ಬಿಟ್ಟರೆ ಎಷ್ಟು ಹೊತ್ತು ಅಳುತ್ತದೆ? ತಿನ್ನುವಾಗ ಕೈ ಹಾಕಿದರೆ ಗುರ್ ಅನ್ನುತ್ತದೆಯಾ? ಉಚ್ಚೆಗೆ ಹೊರಗೆ ಹೋಗಬೇಕು ಅಂತ ಬಾಗಿಲ ಹತ್ತಿರ ಹೋಗುತ್ತದೆಯಾ? ಮಕ್ಕಳನ್ನು ಕಂಡರೆ ಬಾಲ ಆಡಿಸುತ್ತದೋ, ಮಂಚದ ಕೆಳಗೆ ನುಗ್ಗುತ್ತದೋ? ಬೆಕ್ಕು, ಕೋಳಿ ಕಂಡರೆ? ಲುಂಗಿ ಉಟ್ಟ ಗಂಡಸರಿಗೆ ಮಾತ್ರ ಬೊಗಳುವ ನಾಯಿಗಳಿವೆ, ಪೊರಕೆ ಎತ್ತಿದರೆ ಉಚ್ಚೆ ಹೊಯ್ದುಕೊಳ್ಳುವ ನಾಯಿಗಳಿವೆ. ಹಿಂದಿನ ಮನೆಯಲ್ಲಿ ಏನಾಗಿತ್ತು ಅಂತ ಅವು ಹೀಗೆ ಹೇಳುತ್ತವೆ. ಹೊಸ ಮನೆಯವರಿಗೆ ಈ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಊಟ ಸರಳವಾಗಿರಲಿ. ಉಪ್ಪು ಖಾರ ಇಲ್ಲದ ಮೊಸರನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ರಾಗಿ. ಪ್ರೀತಿಯಿಂದ ಒಗ್ಗರಣೆ ಮಂಡಕ್ಕಿ ಹಾಕುವವರಿಗೆ ಹೇಳಿಬಿಡಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಬೆಣ್ಣೆ ದೋಸೆಯ ತುಣುಕು ನಮಗೆ ಸಣ್ಣದು ಅನ್ನಿಸಬಹುದು, ಆದರೆ ಅಷ್ಟು ಜಿಡ್ಡು ಪುಟ್ಟ ನಾಯಿಯ ಹೊಟ್ಟೆಗೆ ಜಾಸ್ತಿಯಾಗಿ ವಾಂತಿ, ಹೊಟ್ಟೆನೋವು ಬರುತ್ತದೆ.

ಜಾಹೀರಾತು ಬರೆಯುವುದು

ಫೋಟೊವನ್ನು ನಿಂತು ಮೇಲಿನಿಂದ ತೆಗೆಯಬೇಡಿ. ನೆಲಕ್ಕೆ ಕುಳಿತು ನಾಯಿಯ ಕಣ್ಣಿನ ಮಟ್ಟದಲ್ಲಿ, ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಪಕ್ಕದಲ್ಲಿ ಒಂದು ಕೊಡವೋ, ಕುರ್ಚಿಯೋ ಇದ್ದರೆ ಗಾತ್ರ ತಿಳಿಯುತ್ತದೆ. ಮನೆಯ ನಂಬರ್, ರಸ್ತೆ ಬೋರ್ಡ್ ಕಾಣದಿರಲಿ.

‘ಪಾಪದ ನಾಯಿ, ಯಾರಾದರೂ ಕಾಪಾಡಿ’ ಎಂದು ಬರೆದರೆ ಪಾಪ ಅನ್ನಿಸಿದವರೆಲ್ಲ ಫೋನ್ ಮಾಡುತ್ತಾರೆ. ಪಾಪ ಅನ್ನಿಸುವುದು ಎರಡು ದಿನ. ‘ಫ್ರೀ’ ಅಂತ ಬರೆದರಂತೂ ಕತೆ ಮುಗಿಯಿತು. ಹೀಗೆ ಬರೆದು ನೋಡಿ:

‘ಸುಮಾರು ಮೂರು ವರ್ಷದ ಹೆಣ್ಣು ನಾಯಿ, ತೂಕ ಆರು ಕಿಲೋ. ಆಪರೇಷನ್, ಇಂಜೆಕ್ಷನ್ ಆಗಿದೆ, ಕಾರ್ಡ್ ಇದೆ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ದೊಡ್ಡ ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ, ಚಿಕ್ಕ ಮಕ್ಕಳು ಬಾಲ ಎಳೆದರೆ ಸಿಟ್ಟು ಬರುತ್ತದೆ. ಗಂಟೆ ಸದ್ದಿಗೆ ಬೊಗಳುತ್ತದೆ. ವಾರಕ್ಕೆ ಮೂರು ಸಲ ಕೂದಲು ಬಾಚಬೇಕು. ಮನೆಯೊಳಗೆ ಇಟ್ಟು ಸಾಕುವವರಿಗೆ ಮಾತ್ರ. ಮನೆಗೆ ಬಂದು ನೋಡುತ್ತೇವೆ.’

ದೋಷ ಬರೆದರೆ ಯಾರೂ ಕೇಳುವುದಿಲ್ಲ ಅಂತ ಹೆದರಬೇಡಿ. ಬೊಗಳುತ್ತದೆ ಅಂತ ಓದಿಯೂ ಫೋನ್ ಮಾಡಿದವರು ಬೊಗಳಿತು ಅಂತ ವಾಪಸ್ ತರುವುದಿಲ್ಲ. ತಳಿ ಖಚಿತವಿಲ್ಲದಿದ್ದರೆ ‘ಪಮೇರಿಯನ್ ಹಾಗೆ ಕಾಣುತ್ತದೆ’ ಎನ್ನಿ, ಸಾಕು.

ಮೊದಲು ಗೊತ್ತಿದ್ದವರ ಗೊತ್ತಿದ್ದವರಲ್ಲಿ ಹುಡುಕಿ. ನಿಮ್ಮ ಸಹೋದ್ಯೋಗಿಯ ಅಕ್ಕ, ಡಾಕ್ಟರ್ ಹತ್ತಿರ ವರ್ಷಗಳಿಂದ ಬರುತ್ತಿರುವ ಕುಟುಂಬ, ಇತ್ತೀಚೆಗೆ ವಯಸ್ಸಾಗಿ ನಾಯಿ ತೀರಿಕೊಂಡ ಮನೆ, ಇಂಥವು ಒಳ್ಳೆಯ ಮನೆಗಳು. ಒಂದು ನಾಯಿಯನ್ನು ಹದಿಮೂರು ಹದಿನಾಲ್ಕು ವರ್ಷ ಸಾಕಿ ಕಳಿಸಿಕೊಟ್ಟವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದು ಏನೂ ಇರುವುದಿಲ್ಲ.

ಯಾರಿಗೆ ಕೊಡಬೇಕು, ಯಾರಿಗೆ ಬೇಡ

ಮೇಲುಗಡೆ ರೂಮು ಬಾಡಿಗೆಗೆ ಕೊಡುವಾಗ ನಾವು ಎಷ್ಟು ಪ್ರಶ್ನೆ ಕೇಳುತ್ತೇವೆ! ಯಾವೂರು, ಏನು ಕೆಲಸ, ಎಷ್ಟು ಜನ, ಎಷ್ಟು ದಿನ ಇರ್ತೀರಿ. ನಾಯಿ ಕೊಡುವಾಗ ಅಷ್ಟಾದರೂ ಕೇಳಿ. ಸಂಕೋಚ ಬೇಡ.

ದಾವಣಗೆರೆ ಕಾಲೇಜುಗಳ ಊರು. ಮೆಡಿಕಲ್, ಎಂಜಿನಿಯರಿಂಗ್ ಹುಡುಗರು ಹುಡುಗಿಯರು ರೂಮು ಮಾಡಿಕೊಂಡಿರುತ್ತಾರೆ. ಮೊದಲ ಫೋನ್ ಬರುವುದೇ ಅವರಿಂದ. ಒಳ್ಳೆಯ ಮಕ್ಕಳೇ, ಪ್ರೀತಿಯೂ ನಿಜ. ಆದರೆ ನಾಲ್ಕೈದು ವರ್ಷಕ್ಕೆ ಕೋರ್ಸ್ ಮುಗಿಯುತ್ತದೆ, ಪರೀಕ್ಷೆ ರಜೆಗೆ ಊರಿಗೆ ಹೋಗುತ್ತಾರೆ, ರೂಮಿನ ಓನರ್‌ಗೆ ಗೊತ್ತಾದರೆ ಬೆಳಗ್ಗೆ ಖಾಲಿ ಮಾಡಿ ಅನ್ನುತ್ತಾರೆ. ಸಣ್ಣ ನಾಯಿ ಹದಿನೈದು ವರ್ಷವೂ ಬದುಕಬಹುದು. ಊರಲ್ಲಿರುವ ಅಪ್ಪ ಅಮ್ಮ ‘ನಾವು ಸಾಕ್ತೀವಿ’ ಅಂತ ನಿಮ್ಮ ಹತ್ತಿರ ಫೋನಿನಲ್ಲಿ ಹೇಳಿದರೆ ಯೋಚಿಸಿ, ಇಲ್ಲದಿದ್ದರೆ ಬೇಡ. ಆ ಹುಡುಗರಿಗೆ ಬೇರೆ ಕೆಲಸ ಕೊಡಬಹುದು: ಫೋಟೊ ತೆಗೆಯುವುದು, ಸಂಜೆ ಸುತ್ತಾಡಿಸುವುದು. ಖುಷಿಯಿಂದ ಮಾಡುತ್ತಾರೆ.

ಎರಡನೇ ಫೋನ್ ಚನ್ನಗಿರಿ ಕಡೆಯ ತೋಟದವರದ್ದು ಇರಬಹುದು. ‘ಅಡಿಕೆ ತೋಟದಾಗೆ ಇರ್ಲಿ ಬಿಡ್ರಿ, ಕಾವಲಿಗಾಯ್ತು.’ ಆರು ಕಿಲೋ ನಾಯಿ ಯಾವ ಕಾವಲು ಕಾಯುತ್ತದೆ? ರಾತ್ರಿ ತೋಟದಲ್ಲಿ ಕಟ್ಟಿಹಾಕಿದ ನಾಯಿ ಚಿರತೆಗೆ ಸುಲಭದ ತುತ್ತು. ಚಿತ್ರದುರ್ಗದ ಜೋಗಿಮಟ್ಟಿ ಸುತ್ತಿನ ಹಳ್ಳಿಗಳಲ್ಲಿ, ಗುಡ್ಡದ ಬದಿಯ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಂಥ ಕಡೆಯ ಮನೆ ಬೇಡವೇ ಬೇಡ ಅಂತಲ್ಲ. ಕತ್ತಲಾಗುವ ಮೊದಲು ಒಳಗೆ ಕರೆದುಕೊಳ್ಳುವ ಮನೆಯಾಗಿರಬೇಕು.

‘ಮಗಳ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಕೊಡಬೇಕು, ನಾಳೆನೇ ಬೇಕು’ ಅನ್ನುವವರಿಗೆ ನಯವಾಗಿ ಇಲ್ಲ ಅನ್ನಿ. ಮನೆಯ ಎಲ್ಲರಿಗೂ ಗೊತ್ತಿರದ ವಿಷಯಕ್ಕೆ ನಾಯಿ ಕೊಡುವುದು ಬೇಡ.

ಇನ್ನು ನಾನು ಮೊದಲೇ ಹೇಳಿದ ಆ ‘ಇನ್ನೊಬ್ಬರು’. ಫೋನ್ ಮಾಡುವವರು ಹೆಚ್ಚಾಗಿ ಮಗ, ಇಲ್ಲವೇ ಯಜಮಾನರು. ಬೆಳಗ್ಗೆ ಹತ್ತಕ್ಕೆ ಅವರೆಲ್ಲ ಹೊರಗೆ ಹೋಗುತ್ತಾರೆ. ಆಮೇಲೆ ಮನೆಯಲ್ಲಿ ಉಳಿಯುವವರು ಅಮ್ಮ, ಸೊಸೆ, ಅಜ್ಜಿ. ಕೂದಲು ಗುಡಿಸುವವರು, ಉಚ್ಚೆ ಒರೆಸುವವರು, ನೀರಿಡುವವರು ಅವರೇ. ಫೋನಿನಲ್ಲಿ ಮಗನಿಗೆ ಹೇಳಿ: ‘ಅಮ್ಮನ ಕೈಗೆ ಫೋನ್ ಕೊಡಪ್ಪ.’ ಅಮ್ಮನ ಹತ್ತಿರ ನೇರವಾಗಿ ಕೇಳಿ: ‘ನಿಮಗೆ ಕೆಲಸ ಜಾಸ್ತಿ ಆಗುತ್ತದೆ. ದಿನಾ ಕೂದಲು ಉದುರುತ್ತದೆ. ನಿಮಗೆ ಒಪ್ಪಿಗೆ ಇದೆಯಾ ಅಮ್ಮಾ?’

‘ಅಯ್ಯೋ ಅವನು ಕೇಳ್ಬೇಕಲ್ಲ ನನ್ನ ಮಾತು’ ಅಂತ ಅವರು ಅಂದರೆ ಅಲ್ಲಿಗೆ ಬಿಟ್ಟುಬಿಡಿ. ‘ಒಳಗೆ ಬರ್ಲಿ, ಆದ್ರೆ ದೇವರ ಕೋಣೆಗೆ ಮಾತ್ರ ಬ್ಯಾಡ’ ಅಂದರೆ ಅದು ಒಳ್ಳೆಯ ಉತ್ತರ. ಅವರು ಆಗಲೇ ಮನಸ್ಸಿನಲ್ಲಿ ಜಾಗ ಮಾಡಿಬಿಟ್ಟಿದ್ದಾರೆ. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂದು ನಿಯಮ ಹೇಳುವವರೇ ನಿಜವಾಗಿ ಸಾಕುವವರು. ‘ಎಲ್ಲಾ ಕಡೆ ಓಡಾಡ್ಲಿ, ನಮ್ಮ ಮಗೂ ಥರ ನೋಡ್ಕೋತೀವಿ’ ಅನ್ನುವ ಮಾತಿಗಿಂತ ಅಜ್ಜಿಯ ಗೊಣಗಾಟವನ್ನು ನಾನು ಜಾಸ್ತಿ ನಂಬುತ್ತೇನೆ.

ಊಟದ ವಿಷಯ ದಾವಣಗೆರೆಯಲ್ಲಿ ಬಂದೇ ಬರುತ್ತದೆ. ‘ನಮ್ಮನೇಲಿ ಮೊಟ್ಟೆನೂ ತರಲ್ಲ, ಪರವಾಗಿಲ್ವಾ?’ ಇದೊಂದೇ ಕಾರಣಕ್ಕೆ ಒಳ್ಳೆಯ ಮನೆ ಕಳೆದುಕೊಳ್ಳಬೇಡಿ. ನಾಯಿ ಬೆಕ್ಕಿನ ಹಾಗಲ್ಲ, ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲೂ ಬದುಕಬಲ್ಲದು. ಆದರೆ ಅನ್ನ ಹಾಲು ಮಾತ್ರ ಸಾಲದು. ಸಸ್ಯಾಹಾರಿ ಡಾಗ್ ಫುಡ್ ಪ್ಯಾಕೆಟ್ ಸಿಗುತ್ತದೆ, ಡಾಕ್ಟರ್ ಹತ್ತಿರ ಒಂದು ಸಲ ಕೇಳಿ ಹಾಕುತ್ತೀವಿ ಅಂತ ಅವರು ಒಪ್ಪಿದರೆ ಆಯ್ತು.

ಇನ್ನುಳಿದ ಪ್ರಶ್ನೆಗಳು ಚಿಕ್ಕವು. ಸ್ವಂತ ಮನೆಯೋ ಬಾಡಿಗೆಯೋ, ಬಾಡಿಗೆಯಾದರೆ ಓನರ್ ಒಪ್ಪಿದ್ದಾರಾ? ಮದುವೆಗೋ, ದುಗ್ಗಮ್ಮನ ಜಾತ್ರೆಗೋ ಮನೆಯವರೆಲ್ಲ ಓಡಾಡುವಾಗ, ನೆಂಟರು ತುಂಬಿದಾಗ ನಾಯಿ ಎಲ್ಲಿರುತ್ತದೆ? ಹಿಂದೆ ಸಾಕಿದ ನಾಯಿ ಏನಾಯಿತು? ಕೊನೆಯದಕ್ಕೆ ‘ಎಲ್ಲೋ ಹೋಯ್ತು’ ಅಂತ ಉತ್ತರ ಬಂದರೆ ಇನ್ನೊಂದೆರಡು ಪ್ರಶ್ನೆ ಕೇಳಿ.

ಮನೆ ನೋಡಲು ಹೋದಾಗ

ಕಾಫಿ ಕುಡಿಯಲು ಕರೆಯುತ್ತಾರೆ, ಹೋಗಿ. ನಾಯಿಯನ್ನು ಜೊತೆಗೆ ಕರೆದೊಯ್ಯಿರಿ, ಆದರೆ ಅಂದೇ ಬಿಟ್ಟು ಬರಬೇಡಿ. ಎದುರಿಗೆ ನಾಯಿ ಇದ್ದಾಗ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ, ನಿಮಗೂ ಅಷ್ಟೇ.

ಕಣ್ಣು ನೆಲದ ಮಟ್ಟದಲ್ಲಿರಲಿ. ಗೇಟಿನ ಕೆಳಗೆ ಎಷ್ಟು ಸಂದು ಇದೆ? ದೊಡ್ಡ ನಾಯಿಗೆ ಸಾಕಾಗುವ ಗೇಟು ಪುಟ್ಟದ್ದಕ್ಕೆ ಬಾಗಿಲು ತೆರೆದಿಟ್ಟಂತೆ. ಮಹಡಿಯ ಗ್ರಿಲ್ ಸಂದಿನಲ್ಲಿ ತಲೆ ತೂರುತ್ತದೆಯಾ? ನೀರಿನ ಸಂಪಿನ ಮುಚ್ಚಳ ಸರಿಯಾಗಿದೆಯಾ? ಹಿತ್ತಲಲ್ಲಿ ಇಲಿ ಪಾಷಾಣ ಇಟ್ಟಿದ್ದಾರಾ? ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ. ಬೊಗಳುವ ನಾಯಿಯ ಮೇಲೆ ದೂರು ಕೊಡುವವರು ಅವರೇ ತಾನೆ?

‘ಇದರ ಜಾಗ ಎಲ್ಲಿ?’ ಅಂತ ಕೇಳಿ, ಅವರು ತೋರಿಸುವ ಕಡೆ ಹೋಗಿ ನಿಂತುಕೊಳ್ಳಿ. ತಗಡಿನ ಶೀಟ್ ಕೆಳಗೆ ಏಪ್ರಿಲ್ ಮಧ್ಯಾಹ್ನ ನಿಂತರೆ ದಾವಣಗೆರೆಯ ಬಿಸಿಲು ಏನು ಅಂತ ಗೊತ್ತಾಗುತ್ತದೆ. ಪಗ್, ಶಿಟ್ಜು ಥರ ಚಪ್ಪಟೆ ಮೂಗಿನ ನಾಯಿಗಳಿಗೆ ಮೈ ತಂಪು ಮಾಡಿಕೊಳ್ಳುವುದೇ ಕಷ್ಟ. ಬಿಸಿಲಿಗೆ ಸತ್ತೇ ಹೋಗಬಹುದು. ಫ್ಯಾನ್ ಕೆಳಗೆ, ನೆಲದ ತಂಪಿನಲ್ಲಿ ಜಾಗ ಇರಬೇಕು.

ಮನೆ ದೊಡ್ಡದಿರಬೇಕು ಅಂತೇನಿಲ್ಲ. ವಿನೋಬನಗರದ ಎರಡು ಕೋಣೆಯ ಮನೆಯಲ್ಲಿ ದಿನವೆಲ್ಲ ಅಜ್ಜ ಜೊತೆಗಿದ್ದರೆ, ಎಂ.ಸಿ.ಸಿ. ಬ್ಲಾಕಿನ ಬಂಗಲೆಯಲ್ಲಿ ಕಾರ್ ಶೆಡ್ಡಿಗೆ ಕಟ್ಟಿಹಾಕುವುದಕ್ಕಿಂತ ಎಷ್ಟೋ ಮೇಲು.

ಒಂದು ಹಾಳೆ ಬರೆಸಿಕೊಳ್ಳಿ

ಬಾಂಡ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಎರಡು ಪ್ರತಿ. ಮಾರುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ವರ್ಷಕ್ಕೊಮ್ಮೆ ರೇಬೀಸ್ ಇಂಜೆಕ್ಷನ್ ಹಾಕಿಸುತ್ತೇವೆ, ದಿನವಿಡೀ ಕಟ್ಟಿಹಾಕುವುದಿಲ್ಲ, ಮನೆ ಬದಲಿಸಿದರೆ ತಿಳಿಸುತ್ತೇವೆ. ಕೊನೆಗೆ ಮುಖ್ಯವಾದದ್ದು: ಯಾವ ಕಾರಣಕ್ಕೆ ಸಾಕಲು ಆಗದಿದ್ದರೂ, ಎಷ್ಟು ವರ್ಷದ ನಂತರವಾದರೂ, ನಾಯಿಯನ್ನು ನಿಮಗೇ ವಾಪಸ್ ಕೊಡಬೇಕು. ಇಬ್ಬರ ಹೆಸರು, ವಿಳಾಸ, ಫೋನ್ ನಂಬರ್, ಸಹಿ. ಮನೆಯಲ್ಲಿ ನಾಯಿಯ ಕೆಲಸ ಮಾಡುವವರ ಸಹಿಯೂ ಇರಲಿ. ಈ ಹಾಳೆ ಹಿಡಿದು ಕೋರ್ಟಿಗೆ ಯಾರು ಹೋಗುತ್ತಾರೆ? ಆದರೂ ಸಹಿ ಮಾಡುವಾಗ ಜನ ಒಂದು ನಿಮಿಷ ನಿಂತು ಯೋಚಿಸುತ್ತಾರೆ, ಅದಕ್ಕಾಗಿಯೇ ಬರೆಸುವುದು. ಚಿಪ್ ಹಾಕಿಸಿದ್ದರೆ ಅದರ ನಂಬರ್ ಬರೆದು, ನೋಂದಣಿಯಲ್ಲಿ ಹೊಸ ಮನೆಯವರ ಫೋನ್ ನಂಬರ್ ಸೇರಿಸಿ.

ದುಡ್ಡು ತೆಗೆದುಕೊಳ್ಳಬೇಕೇ? ನಾನಾದರೆ ಕೈಗೆ ದುಡ್ಡು ಮುಟ್ಟುವುದಿಲ್ಲ. ಆದರೆ ಮುಂದಿನ ಇಂಜೆಕ್ಷನ್‌ಗೆ ಅವರೇ ಡಾಕ್ಟರ್ ಹತ್ತಿರ ಬಂದು ಹಾಕಿಸಲಿ ಎನ್ನುತ್ತೇನೆ. ಅಷ್ಟಕ್ಕೆ ಹಿಂದೆ ಮುಂದೆ ನೋಡುವವರು ಕಾಯಿಲೆ ಬಂದಾಗ ಏನು ಮಾಡುತ್ತಾರೆ?

ಕಳಿಸಿಕೊಡುವ ದಿನ

ರಜೆಯ ಹಿಂದಿನ ದಿನ, ಬೆಳಗಿನ ಹೊತ್ತು ಒಳ್ಳೆಯದು. ಹಬ್ಬದ ವಾರ ಬೇಡ, ದೀಪಾವಳಿಯಂತೂ ಖಂಡಿತ ಬೇಡ. ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೋಗಬೇಡಿ, ಡಬ್ಬವೋ ಬುಟ್ಟಿಯೋ ಇರಲಿ. ಚಿತ್ರದುರ್ಗದಿಂದ ಬರುವವರಿದ್ದರೆ ಸುಮಾರು 60 ಕಿ.ಮೀ. ದಾರಿ, ಕಾರಿನಲ್ಲಿ ಬರಲು ಹೇಳಿ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ನಾಯಿಗೆ ಟಿಕೆಟ್ ತೆಗೆಸಿ ಒಯ್ಯಬಹುದು, ಆದರೆ ಗದ್ದಲದ ಬಸ್ಸಿನಲ್ಲಿ ಹೆದರಿದ ನಾಯಿಯನ್ನು ಹಿಡಿದು ಕೂರುವುದು ಸುಲಭವಲ್ಲ.

ಬೆಲ್ಟಿಗೆ ಹೊಸ ಮನೆಯವರ ಫೋನ್ ನಂಬರ್ ಇರುವ ಬಿಲ್ಲೆಯನ್ನು ನಿಮ್ಮ ಮನೆಯಿಂದ ಹೊರಡುವ ಮೊದಲೇ ಹಾಕಿ. ಹೊಸ ಮನೆಯಿಂದ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಅದು ಮಲಗುತ್ತಿದ್ದ ಹಳೇ ಬಟ್ಟೆ ತೊಳೆಯದೆ ಕೊಡಿ, ವಾಸನೆ ಇದ್ದರೆ ಧೈರ್ಯ. ತಿನ್ನುತ್ತಿದ್ದ ಊಟವನ್ನೇ ಒಂದು ವಾರ ಹಾಕಲಿ, ಆಮೇಲೆ ನಿಧಾನಕ್ಕೆ ಬದಲಿಸಲಿ. ಇಂಜೆಕ್ಷನ್ ಕಾರ್ಡ್, ಗುಣ ಬರೆದಿಟ್ಟ ಹಾಳೆ, ಡಾಕ್ಟರ್ ಚೀಟಿ, ಎಲ್ಲ ಒಂದೇ ಕವರಿನಲ್ಲಿ.

ಹೊಸ ಮನೆಯವರಿಗೆ ಮೊದಲೇ ಹೇಳಿ. ಮೊದಲ ಮೂರು ದಿನ ಅದು ಮೂಲೆ ಬಿಟ್ಟು ಬರದಿರಬಹುದು, ಊಟ ಬಿಡಬಹುದು. ಮೂರು ವಾರದಲ್ಲಿ ಮನೆಯ ಹೊತ್ತು ಗೊತ್ತು ಕಲಿಯುತ್ತದೆ. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳು ಹಿಡಿಯಬಹುದು. ನಾಯಿ ಸಾಕುವವರು ಹೇಳುವ ಲೆಕ್ಕ ಇದು, ಒಂದೊಂದು ನಾಯಿಗೆ ಒಂದೊಂದು ಥರ. ಮೊದಲ ದಿನವೇ ಸ್ನಾನ ಮಾಡಿಸಬೇಡಿ, ಓಣಿಯ ಮಕ್ಕಳನ್ನೆಲ್ಲ ಕರೆದು ತೋರಿಸಬೇಡಿ, ಮಂಚದ ಕೆಳಗಿಂದ ಎಳೆಯಬೇಡಿ. ಬಾಗಿಲು ತೆರೆಯುವ ಮುಂಚೆ ನಾಯಿ ಎಲ್ಲಿದೆ ನೋಡಿಕೊಳ್ಳಿ.

ಕೊಟ್ಟ ಮೇಲೆ

ಮಾರನೇ ದಿನ ಒಂದು ಫೋನ್, ವಾರಕ್ಕೊಂದು, ತಿಂಗಳಿಗೊಂದು. ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ‘ಹ್ಞೂಂ, ಚೆನ್ನಾಗೈತೆ’ ಅಂತಲೇ ಬರುತ್ತದೆ. ‘ರಾತ್ರಿ ಎಲ್ಲಿ ಮಲಗಿತು? ಬೆಳಗ್ಗೆ ಏನು ತಿಂತು? ಯಾರ ಹಿಂದೆ ಜಾಸ್ತಿ ಓಡಾಡುತ್ತೆ?’ ಅಂತ ಕೇಳಿ. ಕೊನೆಯ ಪ್ರಶ್ನೆಗೆ ‘ಅಮ್ಮನ ಹಿಂದೆನೇ, ಅಡುಗೆಮನೆ ಬಿಟ್ಟು ಬರಲ್ಲ’ ಅಂತ ಉತ್ತರ ಬಂದರೆ ಮುಂದಿನ ಫೋನ್ ಅಮ್ಮನಿಗೇ ಮಾಡಿ. ಸಣ್ಣ ವಿಡಿಯೊ ಕಳಿಸಿ ಅನ್ನಿ. ತೀರಾ ದಿನಾ ಫೋನ್ ಮಾಡಿ ಪೊಲೀಸರ ಹಾಗೆ ವಿಚಾರಿಸಬೇಡಿ. ನಾಯಿ ಈಗ ಅವರದ್ದು.

ಫೋನ್ ಎತ್ತುವುದನ್ನೇ ಬಿಟ್ಟರೆ, ಇಂಜೆಕ್ಷನ್ ತಾರೀಖು ದಾಟಿದರೆ, ಫೋಟೊದಲ್ಲಿ ಪಕ್ಕೆಲುಬು ಕಂಡರೆ ಹೋಗಿ ನೋಡಿ. ಸಮಸ್ಯೆ ಗೊತ್ತಾಗದೆ ಇದ್ದದ್ದಾದರೆ ತಿಳಿಸಿ ಹೇಳಿ. ಕಾಳಜಿಯೇ ಇಲ್ಲ ಅಂತ ಕಂಡರೆ ಜಗಳ ಬೇಡ. ‘ನಿಮಗೆ ತೊಂದರೆ ಆಗ್ತಿದೆ, ನಾನೇ ಕರ್ಕೊಂಡು ಹೋಗ್ತೀನಿ’ ಅಂತ ಹೇಳಿ ಕರೆದುಕೊಂಡು ಬನ್ನಿ. ಜನ ಬೇಗ ಒಪ್ಪುತ್ತಾರೆ.

ಅವರೇ ವಾಪಸ್ ತಂದು ಕೊಟ್ಟರೆ ಬೈಯಬೇಡಿ. ಬೈದರೆ ಮುಂದೆ ವಾಪಸ್ ಕೊಡಬೇಕಾದವರು ನಿಮ್ಮ ಹತ್ತಿರ ಬರುವ ಬದಲು ಹೈವೇ ಪಕ್ಕ ಇಳಿಸಿ ಹೋಗುತ್ತಾರೆ. ಕೂರಿಸಿ, ಏನಾಯಿತು ಅಂತ ಕೇಳಿ ಬರೆದುಕೊಳ್ಳಿ. ‘ಮಧ್ಯಾಹ್ನ ಎರಡು ತಾಸು ಒಂಟಿ ಬಿಟ್ಟರೆ ಬಾಗಿಲು ಕೆರೆಯುತ್ತದೆ, ಕರೆಂಟ್ ಹೋದರೆ ನಡುಗುತ್ತದೆ, ಗಂಡುಮಕ್ಕಳಿಗಿಂತ ವಯಸ್ಸಾದವರ ಹತ್ತಿರ ಬೇಗ ಹೋಗುತ್ತದೆ.’ ಮುಂದಿನ ಜಾಹೀರಾತಿಗೆ ಈ ಮೂರು ಸಾಲು ಸೇರಿಸಿ, ಹಗಲು ಮನೆಯಲ್ಲಿ ಹಿರಿಯರು ಇರುವ ಮನೆ ಬೇಕು ಅಂತ ಬರೆದು, ಫೋಟೊ ಹೊಸದಾಗಿ ತೆಗೆದು ಹಾಕಿ.